ಹಡಗಿಗೆ ಉಡಿ

ಖಡಕಿಯ ಮನೆಯಲ್ಲಿ ಕಲ್ಲವ್ವ ಜೋಳದ ಹಿಟ್ಟು ನಾದುತ್ತಿದ್ದಳು. ಗಂಡ ಈರಬಸಪ್ಪ ಬಂದು ಎದುರಿಗೆ ಕೂತ. “ನಾ ದುಡದ ಹಡಗ ಒಡಿಯಾಕ ಒಯ್ತಾರಂತ. ಹಳೇ ಮಂದೀನ ಮುಂಬೈಗೆ ಕರದಾರ. ನೀನೂ ಬಾ, ಆಕೀಗೆ ಉಡಿ ತುಂಬು.”

“ನನಗ್ಯಾಕ್ರಿ ಆ ಉಸಾಬರಿ?”

ಕಲ್ಲವ್ವ ಉಡಿಕಿ ಆದವಳು. ಮೊದಲ ಗಂಡ ತೀರಿಕೊಂಡ ಮೇಲೆ ಈರಬಸಪ್ಪ ಸೀರೆ ಉಡಿಸಿ ಮನೆ ತುಂಬಿಸಿಕೊಂಡಿದ್ದ. ಅಂಥವಳು ಇನ್ನೊಬ್ಬರಿಗೆ ಉಡಿ ತುಂಬಬಾರದೆಂಬುದು ಅವರ ಮಂದಿಯ ರಿವಾಜು. ಒಂದು ಮದುವೆಯಲ್ಲಿ ನಾದಿನಿ ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ್ದಳು. ಅಂದಿನಿಂದ ಉಡಿ ತುಂಬುವ ಹೊತ್ತಿಗೆ ಅವಳು ತಾನಾಗಿಯೇ ಅಡುಗೆಮನೆ ಸೇರಿಬಿಡುತ್ತಿದ್ದಳು.

ಆ ಯುದ್ಧದ ಹಡಗನ್ನು ಪರದೇಶದವರು ವರ್ಷಾನುಗಟ್ಟಲೆ ದುಡಿಸಿ ಮಾರಿದ್ದರು. ಇಲ್ಲಿ ಬಣ್ಣ ಬಳಿದು ಬೇರೆ ಹೆಸರಿಟ್ಟರು. ಈರಬಸಪ್ಪ ಅದರ ಇಂಜಿನ್ ಕೋಣೆಯಲ್ಲಿ ಬೆವರು ಸುರಿಸಿದವನು.

“ಸೆಕೆಂಡ್ ಹ್ಯಾಂಡ್ ಮಾಲು ಅಂತ ನಗತಿದ್ರು. ತೂಫಾನಿನ್ಯಾಗ ಮುಳುಗೋ ಮಂದೀನ ಎತ್ತಿಕೊಂಡು ಬಂದಾಕಿ ಆಕಿನ. ಕಡೀಕ ಕಲಿಯೋ ಹುಡುಗರಿಗೆ ಸಾಲಿ ಆಗಿ ನಿಂತ್ಲು. ಬರಿಗೈಲೆ ಕಳಸೂಣೇನು?”

“ನನ್ನ ಕೈಲೆ ತುಂಬಿದ್ರ ಕೆಡಕಾದೀತು.”

“ಒಡಿಯಾಕ ಹೊಂಟಾಕಿಗೆ ಇನ್ನೇನ ಕೆಡಕಾಗ್ತದ, ಹುಚ್ಚಿ!”

“ಅಂದ್ರ ನನ್ನ ಕೈ ಕೆಟ್ಟದ್ದ ಅಂತ ನೀವೂ ಒಪ್ಪಿದಂಗಾತಲ್ರಿ.”

ಈರಬಸಪ್ಪ ನಾಲಿಗೆ ಕಚ್ಚಿಕೊಂಡ. ಆದರೂ ಆ ಹಡಗನ್ನು ಬರಿಗೈಲಿ ಕಳಿಸಲು ಮನಸ್ಸೊಪ್ಪದೆ ಕಲ್ಲವ್ವ ಅಕ್ಕಿ, ಕೊಬ್ಬರಿ, ಕುಬಸದ ಖಣ ಚೀಲಕ್ಕೆ ಹಾಕಿಕೊಂಡು ಹೊರಟಳು.

ಮುಂಬೈ ಬಂದರಿನಲ್ಲಿ ನಿಂತಿದ್ದ ಹಡಗಿನ ಮೂತಿಯ ಹತ್ತಿರ ಬಣ್ಣ ಸುಲಿದಲ್ಲಿ ಹಳೆಯ ಹೆಸರಿನ ಅಕ್ಷರ ಉಬ್ಬಿ ಕಾಣುತ್ತಿತ್ತು. ಕಲ್ಲವ್ವ ಅದನ್ನು ಸವರಿದಳು. ಉಡಿ ಎಲ್ಲಿ ಕಟ್ಟುವುದೆಂದು ತಿಳಿಯದೆ ನಿಂತಾಗ ಸಿಂಧು ಎಂಬ ಅಧಿಕಾರಿ ಹುಡುಗಿ ಹಗ್ಗ ಕಟ್ಟುವ ಕಬ್ಬಿಣದ ಬಳೆಯೊಂದನ್ನು ತೋರಿಸಿದಳು. ಮಂಡ್ಯದ ಕಡೆಯವಳು, ಅದೇ ಹಡಗಿನಲ್ಲಿ ಕೆಲಸ ಕಲಿತವಳು. ಕಲ್ಲವ್ವ ಖಣದಲ್ಲಿ ಒಂದಿಷ್ಟು ಅಕ್ಕಿ ಕೊಬ್ಬರಿ ಕಟ್ಟಿ, ಕುಂಕುಮ ಹಚ್ಚಿ ಕೈಮುಗಿದಳು.

“ಅಮ್ಮ, ಬರೋ ತಿಂಗಳು ನನ್ನ ಮದುವೆ. ನನಗೂ ತುಂಬ್ತೀರಾ?” ಸಿಂಧು ಕರವಸ್ತ್ರ ಹರಡಿದಳು.

ಈರಬಸಪ್ಪ ಗಾಬರಿಯಾಗಿ ಹೆಂಡತಿಯ ಕಿವಿಯಲ್ಲಿ, “ಬ್ಯಾಡ, ಆಕಿ ಮದಿಮಗಳು!” ಅಂದ.

ಕಲ್ಲವ್ವ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಹುಡುಗಿಯ ಕಡೆ ತಿರುಗಿ, “ನೋಡವಾ, ಮೊದಲ ಗಂಡ ಸತ್ತ ಮ್ಯಾಲೆ ಇವರ ಮನೀಗೆ ಬಂದಾಕಿ ನಾನು. ನನ್ನ ಕೈಲೆ ತುಂಬಿಸ್ಕೋಬಾರದಂತಾರ. ತಿಳಿಸಿ ಹೇಳೀನಿ,” ಅಂದಳು.

ಸಿಂಧು ಈರಬಸಪ್ಪನತ್ತ ಬೆರಳು ಮಾಡಿ ಕೇಳಿದಳು: “ಇವ್ರು ಚೆನ್ನಾಗ್ ನೋಡ್ಕೊಂಡ್ರಾ ಅಮ್ಮ?”

“ಭಾಳ ಚೊಲೊ ನೋಡ್ಯಾರ.”

“ಮತ್ತಿನ್ನೇನು, ತುಂಬಿ. ನನಗೂ ಅಂಥವ್ನೇ ಸಿಗ್ಲಿ.”

ಈರಬಸಪ್ಪ ತಲೆ ತಗ್ಗಿಸಿದ. ಆಮೇಲೆ ತಾನೇ ಮುಂದೆ ಬಂದು, ಹೆಂಡತಿಯ ಕೈ ಸಲೀಸಾಗಿ ಹೋಗಲೆಂದು ಚೀಲದ ಬಾಯಿ ಅಗಲಿಸಿ ಹಿಡಿದ.