ಮೋನಪ್ಪ ಗುರು ಕೋಲು ಮುರಿದ ಕಂತು

ನಮ್ಮಪ್ಪನಿಗೆ ಚೀನಾ ದೇಶದ ಧಾರಾವಾಹಿಯ ಹುಚ್ಚು ಹಿಡಿಸಿದವಳು ನಾನೇ. ಬೇರೆ ಯಾರನ್ನಾದರೂ ಬೈಯೋಣವೆಂದು ಬಾಯಿ ಎಷ್ಟೋ ಸಲ ತುರಿಸಿದೆ. ಬೈಯಲು ಯಾರೂ ಸಿಗಲಿಲ್ಲ.

ನಾನು ರಾಜೇಶ್ವರಿ. ಹುಮ್ನಾಬಾದಿನಲ್ಲಿ ಲತೀಫಾ ಆಪಾ ಅವರ ಹೊಲಿಗೆ ಅಂಗಡಿಯಲ್ಲಿ ಕೆಲಸ. ಮೋರಖಂಡಿಯ ನಮ್ಮ ಮನೆಯಿಂದ ಟಂಟಂ ಆಟೋ ಹಿಡಿದು ಬಸವಕಲ್ಯಾಣ, ಅಲ್ಲಿಂದ ಬಸ್ಸಿಗೆ ಹುಮ್ನಾಬಾದು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಆಪಾ ಮೊಬೈಲನ್ನು ಹೊಲಿಗೆ ಮಷೀನಿಗೆ ಆನಿಸಿ ನಿಲ್ಲಿಸುತ್ತಾರೆ. ಚೀನಾ ಮಂದಿ ಸೊಗಸಾಗಿ ಹಿಂದಿ ಮಾತಾಡುತ್ತಾರೆ. ಮಂಜು ಮುಚ್ಚಿದ ಒಂದು ಬೆಟ್ಟ, ಬೆಟ್ಟದ ಮೇಲೆ ಭೂತಗಳ ಬೇಟೆಯಾಡುವವರ ಮಠ, ಮಠಕ್ಕೆ ಬಿಳಿ ಹುಬ್ಬಿನ ಮುದಿ ಗುರು. ಆತನ ಕೈಯ ಕೋಲು ಕಂಡರೆ ಎಂಥ ಭೂತವೂ ಬಾಲ ಮುದುಡಬೇಕು. ಆದರೆ ಆತ ಆರಿಸಿಕೊಂಡ ಶಿಷ್ಯೆಗೆ ಈ ಉಸಾಬರಿಯೇ ಬೇಡ. ಪೇಟೆಯಲ್ಲಿ ಕಾಗದದ ದೀಪ ಮಾಡಿ ಮಾರಿಕೊಂಡಿರುತ್ತೇನೆ ಎನ್ನುತ್ತಾಳೆ. ಗುರುವಿನ ಹೆಸರು ಮೋ, ಶಿಷ್ಯೆ ಶಿಯಾ.

ಸಂಜೆ ಮನೆಗೆ ಬಂದವಳೇ ಅವತ್ತಿನ ಕಂತನ್ನು ಅಪ್ಪನಿಗೆ ಹೇಳುತ್ತಿದ್ದೆ. ಮೊಬೈಲು ತೋರಿಸಿದರೆ ಅವನ ಕಣ್ಣಲ್ಲಿ ನೀರು ಸುರಿಯುತ್ತದೆ. "ಬಾಯಿಲೆ ಹೇಳು, ನನಗ ಕಾಣ್ತದ" ಎನ್ನುತ್ತಿದ್ದ. ನೋಡನೋಡುತ್ತ ಮೋ ಎಂಬಾತ ಮೋನಪ್ಪನಾದ, ಶಿಯಾ ಶಿವಕ್ಕಳಾದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, "ಈ ಅಪ್ಪ ಮಗಳಿಗಿ ಹುಚ್ಚು ಹಿಡದದ, ಬಿಡ್ಸಾಕ ಯಾರನ್ನ ಕರೀಲಿ" ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಕಿವಿ ಮಾತ್ರ ಇತ್ತಲೇ ಇಟ್ಟಿರುತ್ತಿದ್ದಳು.

ಅಪ್ಪನಿಗೆ ಆ ಕಥೆ ಯಾಕೆ ಅಷ್ಟು ಹತ್ತಿತು ಎಂದು ಹೇಳಬೇಕು. ನಮ್ಮಪ್ಪ ಅಮೋಘಸಿದ್ದಪ್ಪ ಕೂಡ ಅದೇ ಕಸುಬಿನವನು. ನಮ್ಮದು ಕುರಿ ಕಾಯುವ ಮನೆತನ, ಜೊತೆಗೆ ಅಮೋಘಸಿದ್ಧ ದೇವರ ಪೂಜೆ. ಗಾಳಿ ಹಿಡಿದವರನ್ನು ಅಮಾವಾಸ್ಯೆಗೆ ನಮ್ಮ ಗುಡಿಗೆ ಕರೆತರುತ್ತಾರೆ. ಅಪ್ಪ ಕರಿ ಕಂಬಳಿ ಹೊದ್ದು, ಅವರ ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಬೆತ್ತದ ಕೋಲನ್ನು ನೆಲಕ್ಕೆ ಬಡಿದು, "ಯಾರು ನೀ, ಏನು ಬೇಕು ನಿನಗ" ಎಂದು ಕೇಳುತ್ತಾನೆ. ಯಾರ ಮೈಗೂ ಕೋಲು ತಾಗಿಸಿದವನಲ್ಲ. ಕೇಳಿ ಸುಮ್ಮನೆ ಕೂರುತ್ತಾನೆ. ಅವರು ಅತ್ತು ಕರೆದು ಎಲ್ಲ ಹೇಳುವ ತನಕ ಎದ್ದೇಳುವುದಿಲ್ಲ. ನನಗೆ ಭೂತದಲ್ಲಿ ನಂಬಿಕೆ ಇಲ್ಲ, ಅಪ್ಪನ ಆ ಕೂರುವುದರಲ್ಲಿ ಇದೆ.

ಅಪ್ಪನಿಗೆ ಗಂಡುಮಕ್ಕಳಿಲ್ಲ. ಮುಂದೆ ಕೋಲು ಹಿಡಿಯುವವರು ಯಾರೆಂದು ದೇವರಿಗೆ ಹೂ ಏರಿಸಿ ಕೇಳಿದಾಗ ನನ್ನ ಹೆಸರಿಗೆ ಹೂ ಬಲಕ್ಕೆ ಬಿತ್ತು. ಊರಿಗೆಲ್ಲ ಖುಷಿ, ನನಗೊಬ್ಬಳಿಗೆ ಇಲ್ಲ. ಕೋಲು ಹಿಡಿದವರು ಪರರ ಮನೆಯ ಅನ್ನ ಉಣ್ಣಬಾರದು, ಊರ ಸೀಮೆಯ ಹೊರಗೆ ರಾತ್ರಿ ಕಳೆಯಬಾರದು. ನಾನೋ ದಿನಾ ಲತೀಫಾ ಆಪಾರ ಡಬ್ಬಿಗೆ ಕೈ ಹಾಕುವವಳು. ಅದೇ ದಿನಗಳಲ್ಲಿ ಆಪಾ, "ರಾಜೀ, ಇಲ್ಲೇ ಹುಮ್ನಾಬಾದಿನ್ಯಾಗ ಇದ್ದುಬಿಡು. ದುಕಾನ ಇಬ್ಬರದೂ ಮಾಡೋಣು, ಬೋರ್ಡಿನ ಮ್ಯಾಗ ನಿನ್ನ ಹೆಸರೂ ಬರಸ್ತೀನಿ" ಎಂದಿದ್ದರು. ದೀಪಾವಳಿ ಅಮಾವಾಸ್ಯೆಗೆ ಅಪ್ಪ ನನ್ನ ಹೆಗಲಿಗೆ ಕಂಬಳಿ ಹಾಕಿದರೆ ಆ ಬೋರ್ಡು ಕನಸಿನಲ್ಲಿಯೇ ಉಳಿಯುವುದು. ಒಲ್ಲೆ ಎಂದು ನೇರ ಹೇಳುವ ಧೈರ್ಯ ನನಗಿರಲಿಲ್ಲ. ಊರಿನಲ್ಲಿ ಎಲ್ಲರ ಮೇಲೂ ಹರಿಹಾಯುವ ನನ್ನ ನಾಲಗೆ ಅಪ್ಪನ ಮುಂದೆ ಮಾತ್ರ ಹತ್ತಿಯಾಗುತ್ತದೆ.

ಆಮೇಲೆ ಆ ಕಂತು ಬಂತು. ಮೋ ಗುರು ಶಿಷ್ಯೆಯನ್ನು ಕಾಪಾಡಲು ಹೋಗಿ ಭೂತದ ಕೈಯಲ್ಲಿ ಸತ್ತ. ಶಿಯಾ ಅಳುತ್ತ ಅವನ ಕೋಲು ಎತ್ತಿಕೊಂಡು ಅವನ ಜಾಗದಲ್ಲಿ ಕೂತಳು. ಆಪಾ ದುಪಟ್ಟಾದಿಂದ ಕಣ್ಣೊರೆಸಿಕೊಂಡರು. ನನಗೆ ಸಿಟ್ಟು ಬಂತು. ಇಡೀ ಕಥೆಯುದ್ದಕ್ಕೂ ಬೇಡ ಬೇಡ ಎಂದವಳನ್ನು ಕೊನೆಗೆ ಕೂರಿಸಿಯೇ ಬಿಟ್ಟರಲ್ಲ. ಇದನ್ನು ಅಪ್ಪನಿಗೆ ಹೇಳಿದರೆ ನನ್ನ ಕುಣಿಕೆಯನ್ನು ನಾನೇ ಹೊಸೆದ ಹಾಗೆ. ಬಸ್ಸಿನಲ್ಲಿ ಕೂತು ಬೇರೆ ಕಂತು ಕಟ್ಟಿದೆ.

ಸಂಜೆ ಅಪ್ಪನ ಮುಂದೆ ಕೂತು ಶುರು ಮಾಡಿದೆ. ಮೋನಪ್ಪ ಗುರು ಶಿವಕ್ಕಳನ್ನು ಅಂಗಳಕ್ಕೆ ಕರೆದ, ನಿನಗೆ ಮನಸ್ಸಿಲ್ಲ, ಮನಸ್ಸಿಲ್ಲದವರ ಕೈಗೆ ಕೋಲು ಭಾರ, ಹೋಗು ಎಂದ. ಶಿವಕ್ಕ ಪೇಟೆಗೆ ಹೋದಳು, ಮಾಳಿಗೆಯ ಮೇಲೆ ಕೋಣೆ ಹಿಡಿದಳು, ಬಾಗಿಲಿಗೆ ಕೆಂಪು ದೀಪಗಳನ್ನು ಸಾಲಾಗಿ ತೂಗಿಬಿಟ್ಟಳು.

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಹಂಗ ಹ್ಯಾಂಗ ಬಿಡ್ತಾನ?"

"ಬಿಟ್ಟ ಅಪ್ಪಾ. ಹೋಗು ಅಂದ."

"ಅಂದ್ರ ಆಯ್ತೇನು? ದೇವರು ಆರಿಸಿದವಳನ್ನ ಬಿಡಾಕ ಏನರ ನೇಮ ಇರಬೇಕಲ್ಲ. ಪುಕ್ಸಟ್ಟೆ ಬಿಡ್ತಾರೇನು ಯಾರರೆ?"

ನಾನು ಸಿಕ್ಕಿಬಿದ್ದೆ. ಬಾಯಿಗೆ ಬಂದದ್ದನ್ನು ಅಂದೆ. "ಶಿಷ್ಯನ್ನ ಬಿಡೋ ಗುರು ದೈವದ ಮುಂದ ತನ್ನ ಕೋಲು ಮುರೀಬೇಕು. ಮತ್ತ ಹಿಡೀಬಾರದು. ಇದು ಗುರುವಿನ ನೇಮ."

ಆ ಕೊನೆಯ ಮಾತು ಆಡಬಾರದಿತ್ತು. ನಮ್ಮಲ್ಲಿ ಡೊಳ್ಳಿನ ಹಾಡಿಕೆಯವರು ದೇವರ ಕಥೆ ಹಾಡುತ್ತ, "ಇದು ಗುರುವಿನ ನೇಮ" ಎಂದರೆ ಮುಗಿಯಿತು. ಕಿವಿಗೆ ಬಿದ್ದ ನೇಮವನ್ನು ಪೂಜಾರಿಯಾದವನು ಹಿಡಿಯಲೇಬೇಕು. ತೊಟ್ಟಿಲಿನಿಂದ ಕೇಳಿಕೊಂಡು ಬೆಳೆದವಳಿಗೆ ಇದು ಗೊತ್ತಿರಲಿಲ್ಲವೆಂದರೆ ಯಾರೂ ನಂಬುವುದಿಲ್ಲ. ಗೊತ್ತಿತ್ತು. ಕಥೆಗೆ ತೂಕ ಬರಲೆಂದು ಸೇರಿಸಿದೆ, ಅಷ್ಟೆ. ಅಪ್ಪನಿಗೆ ಚೀನಾ ದೇಶ ಎಲ್ಲಿದೆಯೋ ಗೊತ್ತಿಲ್ಲ, ಆದರೆ ಗುರುಗಳೆಲ್ಲ ಒಂದೇ ಬಳ್ಳಿಯವರೆಂಬುದು ಅವನಿಗೆ ಗೊತ್ತು.

"ಮುರದ?" ಎಂದ ಅಪ್ಪ.

"ಮುರದ."

"ಅತ್ತನೇನು?"

"ಇಲ್ಲ ಅಪ್ಪಾ, ನಕ್ಕ."

ಅಪ್ಪ ಅರ್ಧ ರೊಟ್ಟಿಯನ್ನು ಗಂಗಾಳದಲ್ಲೇ ಬಿಟ್ಟು ಕೈ ತೊಳೆದ. ನಾನು ಮಾತ್ರ ಹೊಟ್ಟೆ ತುಂಬ ಉಂಡೆ.

ದೀಪಾವಳಿ ಅಮಾವಾಸ್ಯೆಯ ದಿನ ದೈವದವರು, ಅಂದರೆ ಊರ ಹಿರಿಯರು, ಗುಡಿಯ ಮುಂದೆ ಸೇರಿದರು. ಅವ್ವ ಹೊಸ ಕಂಬಳಿಯನ್ನು ಮಡಿಸಿ ತಟ್ಟೆಯಲ್ಲಿಟ್ಟಿದ್ದಳು. ಅಪ್ಪ ಗುಡಿಯೊಳಗಿಂದ ಬಂದ. ಕಂಬಳಿಯತ್ತ ನೋಡಲೂ ಇಲ್ಲ. ಕೋಲನ್ನು ಮೊಣಕಾಲಿಗೆ ಅಡ್ಡ ಹಿಡಿದು ಎರಡೂ ಕೈಯಿಂದ ಒತ್ತಿದ. ಬೆತ್ತ ಸುಲಭಕ್ಕೆ ಮುರಿಯುವುದಿಲ್ಲ. ಬಗ್ಗಿತು, ಸಿಬಿರು ಎದ್ದಿತು, ಅಪ್ಪನ ಕುತ್ತಿಗೆಯ ನರ ಉಬ್ಬಿದವು. ಅಂತೂ ಮುರಿಯಿತು.

"ರಾಜೀನ ಬಿಟ್ಟೀನಿ" ಎಂದ. "ನಾನೂ ಬಿಟ್ಟೀನಿ. ಗುರುವಿನ ನೇಮ ಅದ, ಯಾರೂ ಏನೂ ಅನಬ್ಯಾಡ್ರಿ."

ಮತ್ತೆ ನನ್ನ ಕಡೆ ತಿರುಗಿ ನಕ್ಕ. ನಗುವುದನ್ನೂ ನಾನೇ ಹೇಳಿಕೊಟ್ಟಿದ್ದೆನಲ್ಲ. ಬಾಯಿ ಬಿಟ್ಟು ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಅವ್ವ ನನ್ನ ರಟ್ಟೆ ಹಿಡಿದು, "ಯಾರು ಹೇಳಿದ್ರು ಇವನಿಗಿ ಈ ನೇಮ?" ಎಂದು ಕೇಳಿಯೂ ಕೇಳಿದಳು. ನಾನು ನೆಲ ನೋಡುತ್ತ ನಿಂತೆ.

ಹುಮ್ನಾಬಾದಿಗೆ ಹೋದೆ. ಆಪಾ ಬೋರ್ಡು ಬರೆಸಿದರು. ಪೇಂಟರು ನನ್ನ ಹೆಸರನ್ನು ಹಸಿರು ಬಣ್ಣದಲ್ಲಿ ಬರೆದಿದ್ದ. ಎಷ್ಟು ಆಸೆಪಟ್ಟಿದ್ದೆ ಅದಕ್ಕೆ. ಈಗ ಅಂಗಡಿಗೆ ಬರುವಾಗಲೆಲ್ಲ ತಲೆ ತಗ್ಗಿಸಿ ಒಳಗೆ ಹೋಗುತ್ತೇನೆ.

ಗುಡಿಯಲ್ಲಿ ದೀಪ ಹಚ್ಚಲು ಚಿಕ್ಕಪ್ಪನ ಮನೆಯವರಿದ್ದಾರೆ. ಗಾಳಿ ಬಿಡಿಸುವುದು ಅಪ್ಪನೊಬ್ಬನಿಗೇ ಬರುತ್ತಿತ್ತು. ಮುಂದಿನ ಅಮಾವಾಸ್ಯೆಗೆ ನಾನು ಊರಿಗೆ ಬಂದಾಗ ಮನ್ನಾಏಖೇಳ್ಳಿಯ ಪಾರ್ವತಿಬಾಯಿ ಬಂದಳು. ಎಷ್ಟೋ ವರ್ಷದಿಂದ ಬರುವವಳು. ಕೂದಲು ಬಿಚ್ಚಿ ಕೂತು, ಅಪ್ಪ ಕೇಳಿದೊಡನೆ ಅತ್ತೆಯ ಹೆಸರು, ಸತ್ತ ನಾದಿನಿಯ ಹೆಸರು ಹಿಡಿದು ಗೋಳಾಡಿ, ಆಮೇಲೆ ಮುಖ ತೊಳೆದು, ಚಹಾ ಕುಡಿದು, ನಗುತ್ತ ಬಸ್ಸು ಹತ್ತುತ್ತಿದ್ದಳು. ಅವಳಿಗೆ ವಿಷಯ ಗೊತ್ತಿರಲಿಲ್ಲ. ಅಪ್ಪ ಕೈ ಜೋಡಿಸಿ ಬಾಗಿಲಲ್ಲೇ ನಿಂತ.

"ನನ್ನ ಕಡಿಂದ ಆಗಂಗಿಲ್ಲ ಯವ್ವಾ. ಕೋಲು ಮುರದದ."

"ಕೋಲು ಬ್ಯಾಡ್ರಿ ಮುತ್ಯಾ" ಎಂದಳು ಆಕೆ. "ಯಾರು ನೀ ಅಂತ ಬರೇ ಕೇಳ್ರಿ. ಅಷ್ಟೇ ಕೇಳ್ರಿ."

"ಕೇಳಂಗಿಲ್ಲವ್ವ. ನೇಮ ಅದ."

ನಾನು ಅವಳನ್ನು ಬಸ್ಸಿನ ತನಕ ಬಿಡಲು ಹೋದೆ. ದಾರಿಯುದ್ದಕ್ಕೂ ಸೆರಗು ಸರಿ ಮಾಡಿಕೊಳ್ಳುತ್ತ ನಡೆದಳು. ಬಸ್ಸು ಬಂದಾಗ, "ನಮ್ಮ ಮನ್ಯಾಗ ಇಷ್ಟು ಮಂದಿ ಇದ್ದಾರ ತಂಗಿ, ಒಬ್ಬರೂ ನನ್ನ ಏನೂ ಕೇಳಂಗಿಲ್ಲ" ಎಂದಳು. ಬಸ್ಸು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಒಂದು ಸುಳ್ಳಿನಿಂದ ನನಗೆ ಒಂದು ಊರು ಸಿಕ್ಕಿತು, ಈ ಹೆಂಗಸಿಗೆ ಇದ್ದ ಒಂದು ಜಾಗವೂ ಹೋಯಿತು.

ಆಪಾರ ಮುಂದೆ ಎಲ್ಲ ಕಕ್ಕಿದೆ. ಆಪಾ ಕತ್ತರಿ ಕೆಳಗಿಟ್ಟು, "ಬಾಪ್‌ಗಿ ಝೂಟ್ ಹೇಳಿದಿ. ಈಗ ಹೋಗಿ ಸಚ್ ಹೇಳು. ಇನ್ನೊಂದು ಝೂಟ್ ಹೊಲೀಬ್ಯಾಡ ಮತ್ತ" ಎಂದರು. ಆಪಾ ಬ್ಯಾಡ ಎಂದದ್ದನ್ನೇ ನಾನು ಮೊದಲು ಮಾಡಿದೆ. ಎಂಥ ಹೇಡಿ ನಾನು.

ಆದಿತ್ಯವಾರ ಊರಿಗೆ ಬಂದು ಅಪ್ಪನ ಪಕ್ಕ ಕಟ್ಟೆಯ ಮೇಲೆ ಕೂತೆ. ಕುರಿಗಳು ಚಿಕ್ಕಪ್ಪನ ಜೊತೆ ಹೋಗಿದ್ದವು. ಅಪ್ಪನ ಮೊಣಕಾಲು ಕುರಿಯ ಹಿಂದೆ ತಿರುಗುವ ಕಾಲ ಮುಗಿದಿದೆ. ಖಾಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. "ಅಪ್ಪಾ, ಹೊಸಾ ಕಂತು ಬಂದದ" ಎಂದೆ. "ಮೋನಪ್ಪ ಗುರುವಿಗಿ ದೇವರು ಕನಸಿನ್ಯಾಗ ಬಂದು, ಹೊಸಾ ಕೋಲು ಹಿಡಿ ಅಂದ. ಗುರು ಹಿಡದ."

ಅಪ್ಪನ ಮುಖ ಗಂಟಿಕ್ಕಿತು. "ತಪ್ಪು ಮಾಡಿದ."

"ದೇವರೇ ಹೇಳ್ಯಾನ ಅಪ್ಪಾ."

"ಯಾರರೆ ಹೇಳಲಿ. ದೈವದ ಮುಂದ ಮುರದದ್ದು ಮುರದದ. ಮತ್ತ ಹಿಡದ್ರ ಆ ಹುಡುಗಿ ಬಿಡುಗಡಿ ಉಳೀತದೇನು? ಆಕಿ ತಿರುಗಿ ಬರಬೇಕಾಗ್ತದ. ದೀಪದ ಅಂಗಡಿ ಹಾಕ್ಯಾಳಲ್ಲ, ಆಕಿ ಗತಿ ಏನು?"

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಅಪ್ಪನ ಕೈ ಹಿಡಿದುಕೊಂಡು ಹೇಳಿದೆ. ಆ ನೇಮ ಯಾವ ಗುರುವಿನದೂ ಅಲ್ಲ, ಬಸ್ಸಿನಲ್ಲಿ ಕೂತು ನಾನು ಕಟ್ಟಿದ ಕಥೆ, ಕೋಲಿನ ಮಾತು ನೀನು ಕೇಳಿದಾಗ ಬಾಯಿಗೆ ಬಂದದ್ದು. ನೀನು ಮುರಿಯುತ್ತೀ ಎಂದು ನನಗೆ ಹೊಳೆಯಲಿಲ್ಲ. ಮುರಿಯುವಾಗ ಬಾಯಿ ಬಿಡಲಿಲ್ಲ. ನನ್ನ ತಪ್ಪು ಅಪ್ಪಾ, ನನ್ನ ತಪ್ಪು.

ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಗಾಳಿ ಹಿಡಿದವರ ಮುಂದೆ ಕೂರುತ್ತಿದ್ದ ಹಾಗೆಯೇ ಕೂತಿದ್ದ, ನನ್ನ ಅಳು ನಿಲ್ಲುವ ತನಕ.

"ಹಂಗಾದ್ರ ಖರೇ ಕಥಿಯಾಗ ಏನು ಆಯ್ತು?" ಎಂದು ಕೇಳಿದ.

"ಗುರು ಸತ್ತ. ಶಿವಕ್ಕ ಕೋಲು ಹಿಡದು ಅವನ ಜಾಗಾದಾಗ ಕುಂತಳು."

"ಖುಷಿಲೆ ಕುಂತಳೇನು?"

"ಇಲ್ಲ. ಅಳಕೋತ ಕುಂತಳು."

ಅಪ್ಪ ತಲೆಯಾಡಿಸಿದ. ಅಂಗಳದಲ್ಲಿ ಒಂದು ಮರಿ ಗೂಟ ಕಿತ್ತುಕೊಂಡು ಓಡಾಡುತ್ತಿತ್ತು. ಅದನ್ನು ಹಿಡಿಯಲು ಎದ್ದೇಳಲಿಲ್ಲ.

"ಅದು ಬ್ಯಾಡ" ಎಂದ. "ನೀ ಕಟ್ಟಿದ್ದೇ ಛಲೋ ಅದ. ಅದನ್ನೇ ಮುಂದ ಹೇಳು."

"ಮುಂದ ಏನದ ಅಪ್ಪಾ, ಮುಗೀತಲ್ಲ. ಶಿವಕ್ಕ ಪ್ಯಾಟಿಗಿ ಹೋದಳು."

"ಆಕಿದು ಗೊತ್ತದ. ಗುರುವಿಂದ ಹೇಳು. ಕೋಲು ಮುರದು ಮನಿಗಿ ಬಂದ. ಮರುದಿನ ಮುಂಜಾನೆ ಎದ್ದು ಅವ ಏನು ಮಾಡಿದ?"

ಶಿವಕ್ಕಳಿಗಾಗಿ ನಾನು ಪೇಟೆ ಕಟ್ಟಿದ್ದೆ, ಮಾಳಿಗೆಯ ಮೇಲೊಂದು ಕೋಣೆ ಕೊಟ್ಟಿದ್ದೆ, ಬಾಗಿಲಿಗೆ ದೀಪ ತೂಗಿದ್ದೆ. ಗುರುವಿಗೆ ಮರುದಿನದ ಮುಂಜಾನೆಯನ್ನೂ ಇಟ್ಟಿರಲಿಲ್ಲ.

"ಹೇಳು ಯವ್ವಾ" ಎಂದ ಅಪ್ಪ. "ದಿನಾ ನಾ ಇಲ್ಲಿ ಕುಂತು ಅದನ್ನೇ ಹುಡುಕಾಕತ್ತೇನಿ, ತಿಳೀವಲ್ದು."