ಕರೆಂಟಿನ ಗೋಡೆ

"ನೀರು ಹುಯ್ಯಬ್ಯಾಡಿ ಅತ್ತಿಗೆ, ನಿಲ್ಲಿ!" ಎಂದು ಕೂಗುತ್ತ ಅಲಮೇಲು ಮೂಲೆಯಿಂದೆದ್ದು ಬಂದು ಬಿಂದಿಗೆಗೆ ಕೈ ಹಾಕಿದಳು.

ಗಂಡನ ಅಕ್ಕ ತುಳಸಮ್ಮನವರು ಬಿಂದಿಗೆ ಬಿಡಲಿಲ್ಲ. ಅರ್ಧ ನೀರು ಇಬ್ಬರ ಸೀರೆಯ ಮೇಲೇ ಚೆಲ್ಲಿತು. ಅಲಮೇಲುವಿನ ಗಂಡ ದ್ವಾರಕಾನಾಥರ ಹೆಣ ಹೊತ್ತವರು ಹೊಸೂರಿನ ಕೋಟೆ ಬೀದಿಯ ತಿರುವನ್ನು ಆಗಷ್ಟೇ ದಾಟಿದ್ದರು. ಮಗ ಗೋಪೀನಾಥ ಬೆಂಕಿಯ ಮಡಕೆ ಹಿಡಿದು ಮುಂದೆ ಹೋಗಿದ್ದ. ಉಳಿದವರು ಹೆಂಗಸರು ಮಾತ್ರ. ಹೆಣ ಎತ್ತಿದ ಮನೆಯನ್ನು ಗೋಡೆಯಿಂದ ಹೊಸಿಲ ತನಕ ತೊಳೆದೇ ತೀರಬೇಕು, ಅದೂ ತಕ್ಷಣ.

"ಇದೇನೇ ನಿನ್ನ ಹುಚ್ಚು? ಮನೆ ತೊಳೀಬಾರ್ದಾ?"

"ಗೋಡೇಲಿ ಕರೆಂಟಿದೆ. ನೀರು ಬಿದ್ರೆ ಹೊಡೀತದೆ."

"ಕೆಲಮಂಗಲದಲ್ಲಿ ನಮ್ಮನೇಗೂ ಗೋಡೆ ಅವೆ. ಗೋಡೆ ಎದ್ದು ಮನುಷ್ಯರನ್ನ ಹೊಡೆದಿದ್ದು ನಾ ಕಾಣೆ!"

ಅಷ್ಟರಲ್ಲಿ ಪಕ್ಕದ ಮನೆಯ ರಾಮಕ್ಕ ಆ ಕಡೆಯಿಂದ ಗೋಡೆಗೆ ಒಂದು ಚೆಂಬು ಹುಯ್ದು, ಉಜ್ಜಲು ಕೈ ಇಟ್ಟಳು. "ಅಯ್ಯಯ್ಯೋ!" ಚೆಂಬು ಅಂಗಳಕ್ಕೆ ಹಾರಿತು. "ಯಾರೋ ಒದ್ದಂಗಾಯ್ತು ಕಣಕ್ಕೋ!"

ತುಳಸಮ್ಮನವರ ಕಣ್ಣು ಅಗಲವಾಯಿತು. "ನನ್ನ ತಮ್ಮನೇ ಕಣೇ! ಮನೆ ಬಿಟ್ಟು ಹೋಗಕ್ಕೆ ಮನಸ್ಸಿಲ್ಲ ಅವನಿಗೆ. ಇನ್ನೂ ನೀರು ತನ್ರೇ, ಜಾಸ್ತಿ ಹುಯ್ಯಿರಿ!"

ಏನು ಹೇಳುವುದು ಈ ಜನಕ್ಕೆ! ಅಲಮೇಲುವಿಗೆ ಮೈಯೆಲ್ಲ ಉರಿದುಹೋಯಿತು. ಒಂದು ಹೆಣ ಹೋದ ಹಿಂದೆಯೇ ಇನ್ನೊಂದು ಹೋಗಬೇಕೆ? ಗಂಡ ಸತ್ತ ದಿನವಾದರೂ ಈ ಹಾಳು ವೈರಿನ ರಗಳೆ ತಪ್ಪಲಿಲ್ಲವಲ್ಲ.

*

ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ನಕಲು ಬರೆದು ಬರೆದು ದ್ವಾರಕಾನಾಥರ ಕಣ್ಣು ಮಂಜಾಗಿತ್ತು. ಬೀದಿಗೆ ಕಂಬ ಬಂದದ್ದೇ ತಡ, ಅಜ್ಜನ ಕಾಲದ ಮಣ್ಣುಗೋಡೆಯ ಮನೆಗೆ ದೀಪ ಹಾಕಿಸಬೇಕೆಂದು ಕುಣಿದರು. ಯುದ್ಧದ ಕಾಲ, ಹೊಸ ವೈರು ಎಲ್ಲಿ ಸಿಗಬೇಕು? ಬಾಗಲೂರಿನಲ್ಲಿ ಬಿಚ್ಚಿದ ಟೆಂಟು ಸಿನಿಮಾದ ಹಳೇ ವೈರು ತಂದು ಎಳೆಸಿದರು. ಮೊದಲ ಮಳೆಗೇ ಗೋಡೆ ಜುಮ್ಮೆಂದಿತು.

"ಗೋಡೇದೇನೂ ತಪ್ಪಿಲ್ಲ, ನಿನ್ನ ಕೈ ಒದ್ದೆ" ಎನ್ನುತ್ತಿದ್ದರು ಮಹಾನುಭಾವರು. ವೈರು ಸುಟ್ಟಲ್ಲಿಗೆ ಹಳೇ ಪಂಚೆಯ ಚೂರು ಸುತ್ತುವುದು, ಫ್ಯೂಸು ಕೀಳುವುದು, ಮತ್ತೆ ಹಾಕುವುದು. ಕೆಳಗೆ ಸ್ಟೂಲು ಹಿಡಿದು ನಿಲ್ಲಲು ಹೆಂಡತಿ.

ಹೋದ ದೀಪಾವಳಿಯ ಮಳೆಯಲ್ಲೂ ಹಾಗೇ ಹತ್ತಿದ್ದರು.

"ನೋಡ್ಕೋ, ಈ ಪಿಂಗಾಣಿ ತುಂಡು ಕಿತ್ರೆ ಮನೆಗೆಲ್ಲ ಕರೆಂಟು ನಿಲ್ತದೆ. ಒಣಬಟ್ಟೇಲಿ ಹಿಡೀಬೇಕು."

"ಕಿತ್ತು ಹಂಗೇ ತಿಪ್ಪೆಗೆ ಎಸೀರಿ, ಪುಣ್ಯ ಬತ್ತದೆ."

"ಬುಡ್ಡಿ ದೀಪದಲ್ಲಿ ನಂಗೆ ಅಕ್ಷರ ಕಾಣ್ತದೇನೇ?"

"ಕಾಣ್ದಿದ್ರೆ ಬಿಡಿ. ಓದಿ ಯಾರನ್ನ ಉದ್ಧಾರ ಮಾಡ್ಬೇಕು?"

ಅವರು ಇಳಿದು ಸ್ಟೂಲಿನ ಮೇಲೆ ಕೂತರು. "ಮೂವತ್ತು ವರ್ಷ ಊರೋರ ಪತ್ರ ನಕಲು ಮಾಡ್ದೆ. ನಂಗೆ ಬೇಕಾದ್ದು ಓದಕ್ಕೆ ಈಗ ಹೊತ್ತು ಸಿಕ್ಕೈತೆ ಕಣೇ" ಎಂದರು.

ಹಾಗೆ ಅಂದುಬಿಟ್ಟೆನಲ್ಲ ಎಂದು ಅಲಮೇಲುವಿಗೆ ನಾಚಿಕೆಯಾಯಿತು. ಆಮೇಲೂ ಗೊಣಗಿದಳು, ಆದರೆ ಎಸೆಯುವ ಮಾತು ಎತ್ತಲಿಲ್ಲ.

*

ರಾಮಕ್ಕ ಕೈ ಉಜ್ಜಿಕೊಳ್ಳುತ್ತ ಕೂತಿದ್ದಳು. ತುಳಸಮ್ಮನವರು ಬಿಂದಿಗೆ ತುಂಬಿಸಿಕೊಂಡು ಬಂದಿದ್ದರು. ಅಲಮೇಲು ಸ್ಟೂಲನ್ನು ಬಾಗಿಲ ಬಳಿಯ ಫ್ಯೂಸಿನ ಕೆಳಗೆ ಎಳೆದು, ಹಗ್ಗದ ಮೇಲಿದ್ದ ಒಣ ಪಂಚೆ ತೆಗೆದು ಕೈ ಒರೆಸಿಕೊಂಡು, ಅದನ್ನು ಹಿಡಿದೇ ಹತ್ತಿಯೇಬಿಟ್ಟಳು.

"ಗಂಡ ಇನ್ನೂ ಸುಡುಗಾಡು ಮುಟ್ಟಿಲ್ಲ, ಇವಳು ಸ್ಟೂಲು ಹತ್ತುತಾಳೆ! ಜನ ಏನಂದಾರು? ಇಳಿಯೇ!"

"ಅನ್ಲಿ. ನಾನು ಇಳಿಯೋ ತಂಕ ಒಂದು ತೊಟ್ಟು ನೀರು ಬಿದ್ರೆ ನಾನು ಸುಮ್ನಿರಲ್ಲ ಅತ್ತಿಗೆ."

ಸ್ಟೂಲು ಹಿಡಿಯಲು ಯಾರೂ ಬರಲಿಲ್ಲ. ಅದು ಅಲ್ಲಾಡಿತು. ಪಂಚೆಯ ಒಣ ಮಡಿಕೆಯಲ್ಲಿ ಪಿಂಗಾಣಿ ತುಂಡು ಹಿಡಿದು ಎಳೆದಳು, ಬರಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಾಗ ಕಿತ್ತು ಬಂತು.

ಇಳಿದವಳೇ ತುಳಸಮ್ಮನವರ ಕೈಯಿಂದ ಬಿಂದಿಗೆ ಕಿತ್ತುಕೊಂಡು ತಾನೇ ಗೋಡೆಗೆ ಹುಯ್ದಳು. ಹೆಂಗಸರು ದಡಬಡನೆ ಹಿಂದೆ ಸರಿದರು. ಹರಿಯುವ ನೀರಿನ ಮೇಲೆ ಅಂಗೈ ಊರಿ ನಿಂತಳು. ಏನೂ ಆಗಲಿಲ್ಲ. ಬರೀ ತಣ್ಣನೆಯ ಮಣ್ಣು.

"ಹೋದ್ನೇನೇ?" ಎಂದು ತುಳಸಮ್ಮನವರು ಮೆಲ್ಲಗೆ ಕೇಳಿದರು.

ಅಲ್ಲ ಅತ್ತಿಗೆ, ಫ್ಯೂಸು ಕಿತ್ತೆ ಎಂದು ರೇಗಲು ಅಲಮೇಲು ಬಾಯಿ ತೆರೆದಳು.

"ಹೋದ್ರು" ಎಂದಳು.

ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತು, ಬಾಯಿಬಿಟ್ಟು ಅತ್ತಳು. ಕೆಮ್ಮಣ್ಣಿನ ನೀರು ಅವಳ ಬೆನ್ನ ಮೇಲೆ ಇಳಿಯುತ್ತಲೇ ಇತ್ತು.