ಬೇಡ ಎಂದ ಅಣ್ಣ

೧
ಎಲ್ಲಿಂದ ಶುರು ಮಾಡಲಿ? ಚಕ್ರವರ್ತಿ ಸತ್ತ ಎಂದೇ? ನಮ್ಮ ಕಥೆಗಳಲ್ಲಿ ಚಕ್ರವರ್ತಿಗಳು ಮೊದಲ ಸಾಲಿನಲ್ಲೇ ಸಾಯುತ್ತಾರೆ, ಓದುಗರು ಆಕಳಿಸುತ್ತಾರೆ. (ಅವನು ಸಾಯದೆ ಮಕ್ಕಳು ಕಿತ್ತಾಡುವುದು ಹೇಗೆ? ಸರಿ, ಸತ್ತ.)

೨
ಉಳಿದವರು ಇಬ್ಬರು. ದೊಡ್ಡವನು ಹೂಯ್‌ವೆನ್, ಅಪ್ಪ ಆರಿಸಿದ ಉತ್ತರಾಧಿಕಾರಿ. ಚಿಕ್ಕವನು ಕೈಝೆ, ಅಪ್ಪ ಆರಿಸದವನು. ಶವಪೆಟ್ಟಿಗೆಯ ಮುಂದೆ ಇಬ್ಬರೂ ಬಿಳಿ ಸೆಣಬಿನ ಬಟ್ಟೆಯಲ್ಲಿ ಮಂಡಿಯೂರಿದ್ದಾರೆ. ಮುದಿ ಮಂತ್ರಿ ಪಾನ್ ನೆಲಕ್ಕೆ ಹಣೆ ಹಚ್ಚಿದ.

"ದೊಡ್ಡ ಬುದ್ಧಿಯೋರೇ, ತಾವು ಸಿಂಹಾಸನ ಏರ್ಬೇಕು."

"ಛೆ ಛೆ, ನನ್ ಕೈಲಾಗೋ ಕೆಲ್ಸ ಅಲ್ಲ, ಬೇಡ" ಎಂದ ಹೂಯ್‌ವೆನ್.

ಹಾಗೆನ್ನಲೇಬೇಕು. ನಮ್ಮ ಜನ ಒಂದು ಬಟ್ಟಲು ಚಹಾ ಕೊಟ್ಟರೂ ಎರಡು ಸಲ ಬೇಡ ಎಂದು, ಮೂರನೆಯ ಸಲ ಕೇಳಿದಾಗ ಕೈ ಚಾಚುವವರು. ಸಿಂಹಾಸನಕ್ಕಂತೂ ಮೂರು ಸಲ ಬೇಡ ಎಂದು, ನಾಲ್ಕನೆಯ ಸಲ ಅಳುತ್ತಾ ಒಪ್ಪಬೇಕು. ಪಾನ್ ಮತ್ತೆ ಕೇಳಿದ. ಮತ್ತೆ ಬೇಡ. ಮೂರನೆಯ ಸಲ ಕೇಳುವಷ್ಟರಲ್ಲಿ ಮುದುಕನಿಗೆ ಕೆಮ್ಮು ಬಂತು. ಕೈಝೆ ಎದ್ದು ನಿಂತ.

"ಪಾಪ, ಅಣ್ಣಂಗೆ ಯಾಕ್ರೀ ಹಿಂಸೆ ಕೊಡ್ತೀರಾ? ಬೇಡ ಅಂತಿದಾನಲ್ಲ! ಹೋಗ್ಲಿ, ಆ ಹೊರೆ ನಾನೇ ಹೊತ್ಕೋತೀನಿ."

ಬಾಗಿಲ ಕಾವಲಿನವರೆಲ್ಲ ಅವನ ಕಡೆಯವರು. ಅವರು ಅಡ್ಡಬಿದ್ದರು. ಪಾನ್ ಕೆಮ್ಮುತ್ತಲೇ ಅಡ್ಡಬಿದ್ದ.

(ಈ ಡ್ರಾಫ್ಟ್ ಹರಿದುಹಾಕಿದೆ. ನಾಯಕ ಇಷ್ಟು ಪೆದ್ದನಾದರೆ ಹೇಗೆ?)

೨, ಮತ್ತೆ
ಹೂಯ್‌ವೆನ್‌ನನ್ನು ಪಕ್ಕಕ್ಕೆ ಕರೆದೆ. "ಮಾರಾಯಾ, ಮೊದಲ ಸಲಕ್ಕೇ ಹೂಂ ಅಂದ್ಬಿಡು. ನಿನ್ ತಮ್ಮ ಕಾವಲಿನವರನ್ನ ಬುಟ್ಟಿಗೆ ಹಾಕ್ಕೊಂಡಿದಾನೆ."

"ಅಪ್ಪನ ಹೆಣದ ಮುಂದೆ ಕೂತು, ಕೇಳಿದ ಕೂಡ್ಲೇ ಹೂಂ ಅನ್ನೋದಾ? ಜನ ಉಗೀತಾರೆ."

"ತಲೆ ಹೋಗುತ್ತಪ್ಪಾ!"

"ಮತ್ತೆ ಮರ್ಯಾದೆ?"

"ನಿನ್ ಮರ್ಯಾದೆಗಿಷ್ಟು ಬೆಂಕಿ ಹಾಕ!"

(ಲೇಖಕರು ಪಾತ್ರಗಳ ಮೇಲೆ ಹೀಗೆ ಕೂಗಾಡಬಾರದಂತೆ. ಬನ್ನಿ, ನೀವೇ ಬರೆಯಿರಿ.) ಮತ್ತೆ ಬರೆದೆ, ಮತ್ತೆ ಬೇಡ ಎಂದ. ಕೆಮ್ಮು ಕಿತ್ತುಹಾಕಿದೆ. ಕೈಝೆ ಅದಕ್ಕೂ ಕಾಯಲಿಲ್ಲ, ಮೊದಲ ಬೇಡಕ್ಕೇ ಎದ್ದ.

೪
(ಮೂರು ಎಲ್ಲಿ? ಅದರಲ್ಲಿ ಅಣ್ಣತಮ್ಮ ತಬ್ಬಿಕೊಂಡು ಅತ್ತರು. ನನಗೇ ನಂಬಿಕೆ ಬರಲಿಲ್ಲ, ತೆಗೆದೆ.)

ಬೇಕಾದರೆ ಈ ಕೊನೆ ತೆಗೆದುಕೊಳ್ಳಿ: ಹೂಯ್‌ವೆನ್ ಗಡಿಗೆ ಓಡಿಹೋಗಿ ಕುರಿ ಕಾಯುತ್ತಾನೆ. ಅವನನ್ನೇ ಕೇಳಿದೆ. "ಅಪ್ಪನ ಸೂತಕ ಬಿಟ್ಟು ಓಡೋದಾ?" ಎಂದ. ನನ್ನ ಕರ್ಮ!

೫
ಹಾಗಾಗಿ ಇದು. ಹೊಸ ಚಕ್ರವರ್ತಿ ತಾನೇ ಅಣ್ಣನ ಮನೆಗೆ ಬಂದಿದ್ದಾನೆ, ಕೈಯಲ್ಲಿ ಬಿಸಿ ಮದ್ಯದ ಬಟ್ಟಲು. ಅದರಲ್ಲಿ ವಿಷ ಇದೆ ಎಂದು ಇಬ್ಬರಿಗೂ ಗೊತ್ತು.

"ಕುಡಿ ಅಣ್ಣಾ."

"ಬೇಡ." ಹುಟ್ಟಿದಾಗಿನಿಂದ ಅವನು ನಿಜವಾಗಿ ಬೇಡ ಎಂದದ್ದು ಇದೇ ಮೊದಲು.

ಕೈಝೆ ನಕ್ಕ. "ಅಯ್ಯೋ, ನಿನ್ ಸಂಕೋಚ ನಂಗೊತ್ತಿಲ್ವಾ? ಕುಡಿ."

"ಬೇಡ ಕಣೋ ತಮ್ಮಾ, ನಿಜವಾಗ್ಲೂ ಬೇಡ."

"ಎಲ್ರೂ ಹಂಗೇ ಅನ್ನೋದು."

ಹೂಯ್‌ವೆನ್ ಬಟ್ಟಲಿನಿಂದ ಕಣ್ಣು ಕಿತ್ತು ನನ್ನ ಕಡೆ ನೋಡುತ್ತಿದ್ದಾನೆ. ಈಗ ನೋಡುತ್ತಾನೆ, ದಡ್ಡ! ಬಟ್ಟಲಿಗೆ ಬೇಡ ಎನ್ನುವುದು ಎರಡೇ ಸಲ, ಎರಡೂ ಮುಗಿದವು. ಇನ್ನೊಂದು ಸಲ ಕೇಳಿದರೆ ಈ ಮರ್ಯಾದಸ್ಥ ಕೈ ಚಾಚಿಯೇ ಬಿಡುತ್ತಾನೆ. ಆ ಮಾತನ್ನು ಮಾತ್ರ ನಾನು ಕೈಝೆಗೆ ಬರೆದುಕೊಡುವುದಿಲ್ಲ. ಮದ್ಯ ಆರಿಹೋಗಲಿ, ನೀವು ನನ್ನನ್ನು ಬೈದುಕೊಳ್ಳಿ. ಅವನು ಬಟ್ಟಲು ಹಿಡಿದುಕೊಂಡೇ ನಿಂತಿರಲಿ, ಕೈ ನೋಯಲಿ ಅವನಿಗೆ.